ಪಿರಮಿಡ್ ಕಟ್ಟಿದಾಗ ನಮ್ಮೂರಾಗ ಯಾರಿದ್ರು?

ಪ್ರಶ್ನೆ: ನಾವು ಗಂಗಾವತಿಯವರು. ನಮ್ಮವರು ರೈಸ್ ಮಿಲ್‌ನಲ್ಲಿ ಲೆಕ್ಕ ನೋಡುತ್ತಾರೆ. ಮಗಳಿಗೆ ಏಳು ವರ್ಷ. ಕಳೆದ ವರ್ಷದಿಂದ ಮನೆಯಲ್ಲೇ ಪಾಠ ಮಾಡುತ್ತಿದ್ದೇನೆ. ಕನ್ನಡ, ಗಣಿತ, ಇಂಗ್ಲಿಷ್‌ಗೆ ತೊಂದರೆ ಇಲ್ಲ. ಇತಿಹಾಸ ಅಂದರೆ ಕೈಕಾಲು ಆಡುವುದಿಲ್ಲ, ನಾನು ಓದಿದ್ದು ಬಿ.ಕಾಂ. ಅಮೆರಿಕದ ಒಂದು ಹೋಂಸ್ಕೂಲ್ ಪಠ್ಯಕ್ರಮ ತುಂಬಾ ಇಷ್ಟವಾಗಿದೆ. ನಾಲ್ಕು ವರ್ಷದಲ್ಲಿ ಇಡೀ ಪ್ರಪಂಚದ ಇತಿಹಾಸ ಮುಗಿಯುತ್ತದಂತೆ. ಪುಸ್ತಕ, ನಕ್ಷೆ, ಚಟುವಟಿಕೆ ಎಲ್ಲ ಸೇರಿ 18 ಸಾವಿರ ರೂಪಾಯಿ. ಈ ತಿಂಗಳು ಆಫರ್ ಇದೆ. ಮನೆಯವರಿಗೆ ಇನ್ನೂ ಹೇಳಿಲ್ಲ. ಅವರು "ಲೆಕ್ಕ ಕಲಿಸು ಸಾಕು. ಇತಿಹಾಸ ಅಂದ್ರೆ ಬರೀ ಹೊಡೆದಾಟ, ಮಗು ತಲೆಯಾಗ ದ್ವೇಷ ತುಂಬಬ್ಯಾಡ" ಅನ್ನುತ್ತಾರೆ. ಅತ್ತೆಯವರು ಅಂಜನಾದ್ರಿ, ಕಿಷ್ಕಿಂಧೆಯ ಕಥೆ ಹೇಳಿ "ಇದಕ್ಕಿಂತ ಇತಿಹಾಸ ಬೇಕಾ?" ಅನ್ನುತ್ತಾರೆ. ನಾದಿನಿ ಟೀಚರ್. "ಸರ್ಕಾರಿ ಪುಸ್ತಕ ಬಿಟ್ರೆ ಮುಂದೆ ಶಾಲೆಗೆ ಸೇರಿಸುವಾಗ ಹಿಂದೆ ಬೀಳ್ತಾಳ ನೋಡ್ರಿ ವೈನಿ" ಅಂತ ಹೆದರಿಸುತ್ತಾಳೆ. ಆ ಪಠ್ಯಕ್ರಮದ ಉಚಿತ ಮಾದರಿ ಪಾಠ ಮಗಳಿಗೆ ಓದಿ ಹೇಳಿದೆ, ಈಜಿಪ್ಟಿನದು. ಅವಳು ಕೇಳಿದಳು: "ಪಿರಮಿಡ್ ಕಟ್ಟಿದಾಗ ನಮ್ಮೂರಾಗ ಯಾರಿದ್ರು?" ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಇನ್ನೊಂದು: "ಅಜ್ಜಿ ಹೇಳೋದು ಖರೇನೋ, ಪುಸ್ತಕದಾಗಿಂದು ಖರೇನೋ?" ಸುಮ್ಮನಾಗಿಬಿಟ್ಟೆ. ನಾನು ಯಾವ ಪುಸ್ತಕ ಆರಿಸಲಿ?

ಉತ್ತರ: ತಂಗಿ, ಮೊದಲು ಹಣದ ಮಾತು ಮುಗಿಸೋಣ. ಈ ತಿಂಗಳು ಆ 18 ಸಾವಿರ ಕಟ್ಟಬೇಡಿ. ಆಫರ್ ಹೋದರೆ ಹೋಗಲಿ. ಯಜಮಾನರಿಗೆ ಹೇಳದೆ ಕಟ್ಟಿದರೆ ಆ ಪುಸ್ತಕ ತೆರೆದಾಗಲೆಲ್ಲ ನಿಮಗೇ ಅಳುಕು. ಮಗಳು ಒಂದು ದಿನ ಪಾಠ ಬೇಡ ಅಂದರೂ "ಅಷ್ಟು ದುಡ್ಡು ಸುರಿದಿದ್ದೀನಿ" ಅಂತ ರೇಗುತ್ತೀರಿ. ಏಳು ವರ್ಷದ ಮಗುವಿನ ಮೇಲೆ ಆ ಭಾರ ಬೇಡ.

ಆ ಪಠ್ಯಕ್ರಮ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಮನೆಯಲ್ಲೇ ಕಲಿಸುವ ಬಹಳ ಮಂದಿ ಈ ನಾಲ್ಕು ವರ್ಷದ ಸುತ್ತನ್ನು ಹಿಡಿಯುತ್ತಾರೆ. ಮೊದಲ ವರ್ಷ ಪ್ರಾಚೀನ ಕಾಲ, ಎರಡನೇ ವರ್ಷ ಮಧ್ಯಯುಗ, ಹೀಗೇ ನಮ್ಮ ಕಾಲದವರೆಗೆ. ಮಗು ದೊಡ್ಡದಾದ ಮೇಲೆ ಅದೇ ಸುತ್ತು ಮತ್ತೊಮ್ಮೆ, ಇನ್ನಷ್ಟು ಆಳಕ್ಕೆ. ಅದರಲ್ಲಿ ಒಳ್ಳೆಯ ರೂಢಿಗಳಿವೆ. ಪಾಠವನ್ನು ಕಥೆಯಂತೆ ಓದಿ ಹೇಳುತ್ತಾರೆ. ಕೇಳಿದ್ದನ್ನು ಮಗು ತನ್ನದೇ ಮಾತಿನಲ್ಲಿ ತಿರುಗಿ ಹೇಳುತ್ತದೆ. ಆ ಊರು ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕುತ್ತಾರೆ. ಇವಕ್ಕೆ ದುಡ್ಡು ಬೇಕಿಲ್ಲ, ಇವತ್ತೇ ಶುರು ಮಾಡಿ. ಆದರೆ ಆ ಪುಸ್ತಕ ಬರೆದದ್ದು ಅಲ್ಲಿಯ ಮಕ್ಕಳಿಗೆ. ಈಜಿಪ್ಟ್, ಗ್ರೀಸ್, ರೋಮ್ ಜಾಸ್ತಿ. ನಮ್ಮ ದೇಶ ಅಲ್ಲೊಂದು ಇಲ್ಲೊಂದು ಪಾಠ. ಮೇಲಾಗಿ ಇಂಗ್ಲಿಷಿನಲ್ಲಿದೆ, ದಿನಾ ರಾತ್ರಿ ನೀವೇ ಕೂತು ಕನ್ನಡ ಮಾಡಬೇಕು. ಅವಳು ತಾನೇ ಓದಿಕೊಳ್ಳುವಷ್ಟು ದೊಡ್ಡವಳಾಗಲಿ, ಆಗಲೂ ಬೇಕು ಅನ್ನಿಸಿದರೆ ತರಿಸಿ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಮಗಳ ಎರಡು ಪ್ರಶ್ನೆ. ಉತ್ತರ ಬರಲಿಲ್ಲ ಅಂತ ನೀವು ಕುಗ್ಗಿದ್ದೀರಿ. ಈ ಒಂದು ವರ್ಷ ಆ ಎರಡು ಪ್ರಶ್ನೆಗಳನ್ನೇ ಪಠ್ಯಕ್ರಮ ಮಾಡಿಕೊಳ್ಳಿ ಅನ್ನುತ್ತೇನೆ ನಾನು.

ಮೊದಲನೆಯದಕ್ಕೆ ಉತ್ತರ ಇದೆ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿ ಸುಮಾರು 4500 ವರ್ಷ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ದನ ಸಾಕುವ ಜನ ಇದ್ದರು. ಅವರಿಗೆ ಕಬ್ಬಿಣ ಇನ್ನೂ ಗೊತ್ತಿರಲಿಲ್ಲ. ಕಲ್ಲನ್ನೇ ಒಡೆದು, ಉಜ್ಜಿ, ನುಣ್ಣಗೆ ಮಾಡಿ ಕೊಡಲಿ ಮಾಡಿಕೊಳ್ಳುತ್ತಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ಮುಂದೆ ಈ ಕಲ್ಲುಕೊಡಲಿ ಕೆಲಸ ಎಷ್ಟು ಬೆಳೆಯಿತು ಅಂದರೆ ಅದನ್ನು ಕಾರ್ಖಾನೆ ಅಂತಲೇ ಕರೆಯುತ್ತಾರೆ. ದನದ ಸಗಣಿಯನ್ನು ಒಂದೇ ಕಡೆ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟರು. ಅದೇ ಬೂದಿ ದಿಬ್ಬವಾಗಿ ಇವತ್ತಿಗೂ ಉಳಿದಿದೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಫೂಟ್ ಅಂದರೆ 19ನೇ ಶತಮಾನದಲ್ಲಿ ಈ ಸೀಮೆಯೆಲ್ಲ ಸುತ್ತಿ ಕಲ್ಲಿನ ಆಯುಧ ಹುಡುಕಿದ ಭೂವಿಜ್ಞಾನಿ. ಸಂಗನಕಲ್ಲಿನ ಕೊಡಲಿಗಳನ್ನು ಮಗಳು ಅಲ್ಲಿ ಕಣ್ಣಾರೆ ನೋಡಲಿ.

ಎರಡನೆಯ ಪ್ರಶ್ನೆ ಸೂಕ್ಷ್ಮ. ಇದಕ್ಕೂ ದಾರಿ ಆ ಬೂದಿ ದಿಬ್ಬದಲ್ಲೇ ಇದೆ ನೋಡಿ. ಹೊಳೆ ದಾಟಿ ಹಂಪಿ ಕಡೆ ನಿಂಬಾಪುರದ ಹತ್ತಿರ ಒಂದು ಬೂದಿ ದಿಬ್ಬ ಇದೆ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಟ್ಟ ಜಾಗ ಅದು ಅಂತ ಜನ ಹೇಳುತ್ತಾರೆ. ನಿಮ್ಮ ಅತ್ತೆಗೂ ಗೊತ್ತಿರಬಹುದು, ಕೇಳಿ ನೋಡಿ. ಈ ಸೀಮೆಯ ಬೂದಿ ದಿಬ್ಬಗಳನ್ನು ಅಗೆದು ಅಭ್ಯಾಸ ಮಾಡಿದವರು ಇದು ಸುಟ್ಟ ಸಗಣಿ ಅನ್ನುತ್ತಾರೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಒಳಗೆ ದನದ ಗೊರಸಿನ ಅಚ್ಚು ಸಿಕ್ಕಿತ್ತು. ಸಾವಿರಾರು ವರ್ಷದ ಹಿಂದೆ ಒಂದು ಆಕಳು ಕಾಲಿಟ್ಟ ಗುರುತು! ಮಗಳಿಗೆ ಎರಡನ್ನೂ ಹೇಳಿ. "ಇದು ನಮ್ಮ ಹಿರಿಯರು ಹೇಳಿಕೊಂಡು ಬಂದದ್ದು. ಇದು ನೆಲ ಅಗೆದಾಗ ಸಿಕ್ಕದ್ದು." ಅಷ್ಟು ಸಾಕು. "ಅಜ್ಜಿ ಹೇಳಿದ್ದು ಸುಳ್ಳು" ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು. ಅಜ್ಜಿಗೆ ಬೇಜಾರಾಗುತ್ತೆ ಅಂತ ಸಿಕ್ಕದ್ದನ್ನು ಮುಚ್ಚಿಡಲೂಬಾರದು. ಒಂದು ಸಂಗತಿ ನಮಗೆ ಹೇಗೆ ಗೊತ್ತಾಯಿತು ಅಂತ ಕೇಳುವ ಅಭ್ಯಾಸ ಆದರೆ, ಖರೇ ಯಾವುದು ಅನ್ನುವುದನ್ನು ಅವಳು ಮುಂದೆ ತಾನೇ ತೂಗಿ ನೋಡುತ್ತಾಳೆ.

ಇದೇ ಅಭ್ಯಾಸಕ್ಕೆ ನಿಮ್ಮ ತಾಲ್ಲೂಕಿನಲ್ಲೇ ಹಿರೇಬೆಣಕಲ್ ಇದೆ. ಗುಡ್ಡದ ಮೇಲೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ನೂರಾರು ಕಲ್ಲುಮನೆಗಳು. ಕೆಲವಕ್ಕೆ ಗುಂಡಗೆ ಕಿಂಡಿ ಕೊರೆದಿದ್ದಾರೆ. ಊರವರು ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ, ಮೋರ್ಯರು ಅನ್ನುವ ಕುಳ್ಳ ಜನ ಅಲ್ಲಿ ವಾಸ ಇದ್ದರಂತೆ. ತಜ್ಞರು ಇದು 2000 ವರ್ಷಕ್ಕೂ ಹಿಂದಿನವರು ತಮ್ಮಲ್ಲಿ ತೀರಿಕೊಂಡವರಿಗೆ ಕಟ್ಟಿದ್ದು ಅನ್ನುತ್ತಾರೆ. ಮಗಳನ್ನೇ ಕೇಳಿ: "ಇಲ್ಲಿ ಮನುಷ್ಯರು ಇದ್ದಿದ್ರೆ ಒಲೆ ಎಲ್ಲಿರಬೇಕಿತ್ತು? ಈ ಕಿಂಡಿಯಲ್ಲಿ ನೀನು ತೂರ್ತೀಯಾ?" ಅಲ್ಲೊಂದು ನಗಾರಿಯ ಆಕಾರದ ಬಂಡೆಯೂ ಇದೆ, ಬಡಿದರೆ ಸದ್ದು ಬರುತ್ತದೆ. ಆದರೆ ಗುಡ್ಡ ಹತ್ತಬೇಕು, ಆ ಕಡೆ ಚಿರತೆ, ಕರಡಿ ಓಡಾಟ ಇದೆ. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ದಾರಿ ಗೊತ್ತಿದ್ದವರ ಜೊತೆ, ಯಜಮಾನರನ್ನೂ ಕರೆದುಕೊಂಡು ಹೋಗಿ.

ಇನ್ನು ರಾಜರ ಕಥೆ. ಅಶೋಕನಿಂದ ಶುರು ಮಾಡಿ. ಪಾಟ್ನಾದ ರಾಜ ಇಲ್ಲಿಗೆ ಯಾಕೆ ಅನ್ನಬೇಡಿ. ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅವನ ಶಾಸನ ಇವೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳದಲ್ಲೂ ಇವೆ. ಇವೆಲ್ಲಕ್ಕಿಂತ ಒಳ್ಳೆಯ ಕಥೆ ಮಸ್ಕಿಯದು. ದೇಶದ ತುಂಬಾ ಬಂಡೆಗಳ ಮೇಲೆ "ದೇವರಿಗೆ ಪ್ರಿಯನಾದ ರಾಜ" ಅಂತ ಬರೆದಿತ್ತು, ಹೆಸರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಲಿಪಿಯನ್ನು ಓದಿದ. ಆ ರಾಜ ಅಶೋಕನೇ ಇರಬೇಕು ಅಂತ ಸಿಂಹಳದ ಹಳೆಯ ಗ್ರಂಥಗಳಿಂದ ಊಹೆ ಮಾಡಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಒಂದು ಶಾಸನ ಕಂಡ. ಅದರಲ್ಲಿ "ಅಶೋಕ" ಅಂತ ಹೆಸರೇ ಇತ್ತು. ಚಿನ್ನ ಹುಡುಕುವವನಿಗೆ ರಾಜನ ಹೆಸರು ಸಿಕ್ಕಿದ ಕಥೆ, ಯಾವ ಮಗುವಿಗೆ ಬೇಡ ಹೇಳಿ?

ಆ ಶಾಸನದ ಮಾತೂ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮನಸ್ಸಿಟ್ಟು ಪ್ರಯತ್ನ ಪಟ್ಟರೆ ಸ್ವರ್ಗ ಪಡೆಯಬಹುದು, ಇಬ್ಬರೂ ಪ್ರಯತ್ನ ಪಡಲಿ ಅನ್ನುತ್ತಾನೆ ಅಶೋಕ. ಬ್ರಾಹ್ಮಿ ಅಕ್ಷರ ನಾಲ್ಕೈದು ಕಲಿಸಿ. "ಕ" ಅಂದರೆ ಕೂಡಿಸುವ ಚಿಹ್ನೆ, ಗಣಿತದಲ್ಲಿ ಅವಳು ದಿನಾ ಹಾಕುವಂಥದ್ದೇ. "ಠ" ಅಂದರೆ ಬರೀ ಒಂದು ಸೊನ್ನೆ. ಸ್ಲೇಟಿನ ಮೇಲೆ ಬರೆದು ನೋಡಿ, ಆಮೇಲೆ ಗವಿಮಠಕ್ಕೆ ಕರೆದೊಯ್ಯಿರಿ. ಬಂಡೆಯ ಮೇಲೆ ಒಂದು "ಕ" ಅವಳೇ ಗುರುತಿಸಿದರೆ ಆ ಖುಷಿ ಯಾವ ವರ್ಕ್‌ಬುಕ್ಕಿನಲ್ಲೂ ಬರುವುದಿಲ್ಲ. ರಾಯಚೂರಿಗೆ ಹೋದಾಗ ಕೋಟೆಯನ್ನೂ ತೋರಿಸಿ. ಅಲ್ಲಿ 1294ರ ತೆಲುಗು ಶಾಸನದ ಒಂದು ಕಲ್ಲಿದೆ, 40 ಅಡಿಗೂ ಉದ್ದ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದದ್ದನ್ನು ಅಲ್ಲೇ ಗೋಡೆಯ ಮೇಲೆ ಚಿತ್ರ ಕೊರೆದಿದ್ದಾರೆ.

ಇಸವಿಗಳನ್ನು ಬಾಯಿಪಾಠ ಮಾಡಿಸಬೇಡಿ. ಏಳು ವರ್ಷಕ್ಕೆ ಸಾವಿರ ವರ್ಷವೂ ಒಂದೇ, ಐದು ಸಾವಿರವೂ ಒಂದೇ. ಒಂದು ನೂಲಿನ ಹಗ್ಗ ತಗೊಳ್ಳಿ. ಮಗಳ ಮುಂದೆ ನಿಮ್ಮ ಗೇಣಿನಲ್ಲಿ ಅಳೆಯಿರಿ, ಒಂದು ಗೇಣಿಗೆ ನೂರು ವರ್ಷ. ತುದಿಯಲ್ಲಿ ಇವತ್ತು. ಅಜ್ಜಿ ಹುಟ್ಟಿದ್ದು ಒಂದು ಗೇಣಿನೊಳಗೇ. ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದು ಕೊಪ್ಪಳ, ರಾಯಚೂರಿಗೆ ಸ್ವಾತಂತ್ರ್ಯ ಬಂದ 1948ರ ಸೆಪ್ಟೆಂಬರ್ 17 ಕೂಡ ಅದೇ ಗೇಣಿನಲ್ಲಿ. ವಿಜಯನಗರ ಶುರುವಾದ 1336 ಏಳನೇ ಗೇಣಿಗೆ ಬರುತ್ತದೆ. ಇಟಗಿಯ ಮಹಾದೇವ ದೇವಸ್ಥಾನ, 1112, ಒಂಬತ್ತಕ್ಕೆ. ಅಶೋಕ ಇಪ್ಪತ್ಮೂರಕ್ಕೆ. ಪಿರಮಿಡ್‌ಗೆ ನಲವತ್ತೈದು ಗೇಣು ಬೇಕು, ಪಡಸಾಲೆ ಸಾಲದೆ ಹಗ್ಗ ಅಡುಗೆಮನೆಗೆ ಹೋಗುತ್ತದೆ. ಪ್ರತಿ ಜಾಗಕ್ಕೂ ಬಣ್ಣದ ಚಿಂದಿ ಕಟ್ಟಿಸಿ. ಹೊಸ ಕಥೆ ಕೇಳಿದಾಗಲೆಲ್ಲ "ಇದನ್ನ ಎಲ್ಲಿ ಕಟ್ಟೋಣ?" ಅಂತ ಕೇಳಿ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ಸಾಕು.

ಅತ್ತೆಯವರನ್ನು ಹೊರಗಿಡಬೇಡಿ. ಕಿಷ್ಕಿಂಧೆಯ ಕಥೆಗಳು ಅವರವು, ಅವರೇ ಹೇಳಲಿ, ನೀವೂ ಕೂತು ಕೇಳಿ. ಜೊತೆಗೆ ಅವರಿಂದ ಇನ್ನೊಂದು ಕಥೆ ತೆಗೆಸಿ. ತುಂಗಭದ್ರಾ ಡ್ಯಾಂ ಕೆಲಸ 1945ರಲ್ಲಿ ಶುರುವಾಯಿತು, 1953ರಲ್ಲಿ ಮುಗಿಯಿತು. ಕಾಲುವೆ ನೀರು ಬರುವ ಮೊದಲು ನಿಮ್ಮ ಹೊಲದಲ್ಲಿ ಏನು ಬೆಳೆಯುತ್ತಿದ್ದರು? ರೊಟ್ಟಿಯ ಮನೆಗೆ ಅನ್ನ ಯಾವಾಗ ಬಂತು? ಆಂಧ್ರದ ಕಡೆಯಿಂದ ಜನ ಬಂದು ಕ್ಯಾಂಪುಗಳು ಹೇಗೆ ಎದ್ದವು? ತಾವು ಕಂಡದ್ದನ್ನೂ ತಮ್ಮ ತಾಯಿಯಿಂದ ಕೇಳಿದ್ದನ್ನೂ ಅವರು ಹೇಳಲಿ, ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಯಜಮಾನರ ಪಾಲೂ ಇದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮಿಲ್ಲಿನಲ್ಲಿ ಏನೇನು ಮಾತಾಡಿಕೊಂಡರು ಅಂತ ಅವರೇ ಹೇಳಬಲ್ಲರು. ಹಗ್ಗದ ತುದಿಯಲ್ಲೇ ಅದಕ್ಕೂ ಒಂದು ಚಿಂದಿ.

ಅವರ ಭಯವನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಅದರಲ್ಲಿ ಅರ್ಥ ಇದೆ. ಹಂಪಿಯಲ್ಲಿ ಒಡೆದ ಕಲ್ಲು ನೋಡಿ ಮಗಳು "ಯಾರು ಒಡೆದ್ರು?" ಅಂತ ಕೇಳೇ ಕೇಳುತ್ತಾಳೆ. 1565ರಲ್ಲಿ ದಖ್ಖನಿನ ಸುಲ್ತಾನರು ಒಟ್ಟಾಗಿ ಬಂದು ಯುದ್ಧ ಗೆದ್ದರು, ಊರು ಹಾಳಾಯಿತು ಅಂತ ಇದ್ದದ್ದನ್ನು ಹೇಳಿ, ಮುಚ್ಚಬೇಡಿ. ಆದರೆ ಹೇಳುವಾಗ ರಾಜರ ಹೆಸರು ಹಿಡಿದು ಹೇಳಿ, ಜಾತಿ ಧರ್ಮ ಹಿಡಿದು ಹೇಳಬೇಡಿ. 1520ರಲ್ಲಿ ರಾಯಚೂರಿಗಾಗಿ ಕಾದಾಡಿದ್ದು ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾ. ಎರಡು ಹೊಳೆ ನಡುವಿನ ಈ ಫಲವತ್ತಾದ ನೆಲ ಇಬ್ಬರಿಗೂ ಬೇಕಿತ್ತು. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರೂ ಇದ್ದರು, ಎರಡನೇ ದೇವರಾಯನೇ ಅವರನ್ನು ಸೇರಿಸಿಕೊಂಡಿದ್ದ. ಕೊಲೆ, ರಕ್ತದ ವಿವರ ಈ ವಯಸ್ಸಿಗೆ ಬೇಡ. ಯಜಮಾನರಿಗೆ ಇಷ್ಟನ್ನು ಬಿಡಿಸಿ ಹೇಳಿ, ಮೊದಲ ಒಂದೆರಡು ಪಾಠಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾದಿನಿಯ ಮಾತಿಗೆ ಬರೋಣ. ಐದನೇ ಕ್ಲಾಸಿನವರೆಗೆ ಸರ್ಕಾರಿ ಪಠ್ಯದಲ್ಲಿ ಇತಿಹಾಸ ಅಂತ ಬೇರೆ ವಿಷಯ ಇಲ್ಲ, ಪರಿಸರ ಅಧ್ಯಯನದಲ್ಲೇ ಸೇರಿದೆ. ಸಮಾಜ ವಿಜ್ಞಾನ ಬರುವುದು ಆರನೇ ಕ್ಲಾಸಿಗೆ. ಅಷ್ಟರಲ್ಲಿ ನಿಮಗೆ ನಾಲ್ಕು ವರ್ಷ ಇದೆ. ಶಾಲೆಗೆ ಸೇರಿಸದೇ ಇದ್ದರೂ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೇ ಕ್ಲಾಸಿಗೆ ಸಮನಾದ ಹಂತಗಳಿವೆ, 14 ತುಂಬಿದ ಮೇಲೆ ಹತ್ತನೇ ಕ್ಲಾಸಿಗೆ ಸಮನಾದ ಪರೀಕ್ಷೆಗೆ ಕೂರಬಹುದು. ಸರ್ಕಾರಿ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಆರನೇ ಕ್ಲಾಸಿನ ಸಮಾಜ ವಿಜ್ಞಾನ ಇಳಿಸಿಕೊಂಡು ಈಗಲೇ ನೀವು ಓದಿ, ಮಗಳಿಗೆ ಓದಿಸಬೇಡಿ. ಬಿ.ಕಾಂ. ಓದಿದವರಿಗೆ ಅದು ಒಂದು ವಾರದ ಕೆಲಸ. ಎಲ್ಲಿ ಅರ್ಥವಾಗದಿದ್ದರೂ ನಾದಿನಿಗೆ ಫೋನ್ ಮಾಡಿ. ಟೀಚರ್ ಮನೆಯಲ್ಲೇ ಇರುವಾಗ ಹೊರಗೆ ಯಾಕೆ ಹುಡುಕಬೇಕು, ಅಲ್ವಾ?