ಓದುಗರ ಪ್ರಶ್ನೆ: ಅಂಕವಿಲ್ಲದ ಪಂದ್ಯಕ್ಕೂ ತೂಕವಿದೆಯೇ?

ಪ್ರಶ್ನೆ: 1961ರ ಏಪ್ರಿಲ್‌ನಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್‌ನಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯವನ್ನು ಜಿಯಾನ್‌ಕಾರ್ಲೊ ಬಗೆಟ್ಟಿ ಗೆದ್ದರೂ ವಿಶ್ವ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಆ ಗೆಲುವು ಸೇರಿಲ್ಲ. ಅಂಕವೇ ಸಿಗದ ಪಂದ್ಯಕ್ಕೆ ದೊಡ್ಡ ಚಾಲಕರು ಏಕೆ ಹೋಗುತ್ತಿದ್ದರು? ಅಂಥ ಗೆಲುವಿಗೆ ಬೆಲೆ ಇದೆಯೇ?
– ಓದುಗರೊಬ್ಬರು, ಮುಧೋಳ

ಉತ್ತರ: ಮುಖ್ಯವಾಗಿ ಹಣಕ್ಕಾಗಿ ಹೋಗುತ್ತಿದ್ದರು. 1961ರಲ್ಲಿ ಅಂಕ ಕೊಡುವ ಪಂದ್ಯಗಳು 8 ಮಾತ್ರ. ಅದೇ ಕಾರುಗಳು ಓಡಿದ ಅಂಕವಿಲ್ಲದ ಪಂದ್ಯಗಳು ಅದರ ಎರಡು ಪಟ್ಟಿಗಿಂತ ಹೆಚ್ಚಿದ್ದವು. ನಿಮ್ಮ ಭಾಗದ ಜಾತ್ರೆಯ ಕುಸ್ತಿಗೆ ಕಮಿಟಿಯವರು ಹೆಸರಾದ ಪೈಲ್ವಾನರನ್ನು ಹಣ ಮಾತಾಡಿ ಕರೆಸುವಂತೆ, ಸಂಘಟಕರು ಕಣಕ್ಕಿಳಿದ ಮಾತ್ರಕ್ಕೇ ತಂಡಗಳಿಗೆ ಹಣ ಕೊಡುತ್ತಿದ್ದರು. ಸಣ್ಣ ತಂಡಗಳ ವರ್ಷದ ಖರ್ಚು ಬಹುಮಟ್ಟಿಗೆ ಅದರಿಂದಲೇ ಸಾಗುತ್ತಿತ್ತು.

ಇನ್ನು ಬೆಲೆಯ ಮಾತು. ಎದುರಿಗೆ ಯಾರಿದ್ದರು ಎಂಬುದನ್ನು ನೋಡಿಯೇ ಅದನ್ನು ನಿರ್ಧರಿಸಬೇಕು. ಎಂಜಿನ್ ಹಿಂದಿದ್ದ ಫೆರಾರಿ 156 ಕಾರು ಮೊದಲ ಬಾರಿಗೆ ಪಂದ್ಯಕ್ಕಿಳಿದದ್ದು ಸಿರಾಕ್ಯೂಸ್‌ನಲ್ಲಿ. 26 ವರ್ಷದ ಬಗೆಟ್ಟಿಗೂ ಅದು ಮೊದಲ ಫಾರ್ಮುಲಾ ಒನ್ ಪಂದ್ಯ. ಸ್ಟರ್ಲಿಂಗ್ ಮಾಸ್, ಜಾಕ್ ಬ್ರಾಭಮ್, ಗ್ರಹಾಂ ಹಿಲ್ ಅವರಂಥವರಿದ್ದ ಕಣದಲ್ಲಿ ಅವರು ಪೋರ್ಷೆಯ ಡ್ಯಾನ್ ಗರ್ನಿಯನ್ನು ಕೆಲವೇ ಸೆಕೆಂಡುಗಳಿಂದ ಹಿಂದಿಕ್ಕಿ ಗೆದ್ದರು. ಫೆರಾರಿಯ ಎಂಜಿನ್ ಬ್ರಿಟಿಷ್ ಕಾರುಗಳ ನಾಲ್ಕು ಸಿಲಿಂಡರ್ ಎಂಜಿನ್‌ಗಿಂತ ಬಲಶಾಲಿಯಾಗಿತ್ತೆಂಬುದನ್ನು ಒಪ್ಪಿಕೊಂಡರೂ ಇದು ಹಗುರವಾದ ಗೆಲುವಲ್ಲ. ಮೇ 14ರಂದು ನೇಪಲ್ಸ್‌ನಲ್ಲಿ ಅವರು ಮತ್ತೆ ಗೆದ್ದರು. ಆದರೆ ಅದೇ ದಿನ ಮೊನಾಕೊದಲ್ಲಿ ಚಾಂಪಿಯನ್‌ಷಿಪ್ ಪಂದ್ಯವಿದ್ದುದರಿಂದ ದೊಡ್ಡವರೆಲ್ಲ ಅಲ್ಲಿದ್ದರು, ಹಾಗಾಗಿ ಈ ಎರಡನೆಯ ಗೆಲುವಿಗೆ ನಾನು ಅಷ್ಟು ತೂಕ ಕೊಡುವುದಿಲ್ಲ. ಜುಲೈ 2ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ, ಅಂಕವಿದ್ದ ತಮ್ಮ ಮೊದಲ ಪಂದ್ಯದಲ್ಲಿಯೇ, ಅದೇ ಗರ್ನಿಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಂತರದಿಂದ ಸೋಲಿಸಿದಾಗ ಸಿರಾಕ್ಯೂಸ್‌ನದು ಅದೃಷ್ಟದ ಗೆಲುವು ಎನ್ನುವವರ ಬಾಯಿ ಮುಚ್ಚಿತು. ಚಾಂಪಿಯನ್‌ಷಿಪ್‌ನಲ್ಲಿ ಅವರು ಮತ್ತೆಂದೂ ಗೆಲ್ಲಲಿಲ್ಲ ಎಂಬುದು ಬೇರೆ ಮಾತು.

ಪ್ರಶ್ನೆ: ಆ ಕಾಲದಲ್ಲಿ ಫಾರ್ಮುಲಾ ಒನ್ ಕಾರುಗಳ ಎಂಜಿನ್, ಚಾಲಕನ ಮುಂದಿನಿಂದ ಹಿಂದಕ್ಕೆ ಹೋದದ್ದು ಏಕೆ? ಆಮೇಲೆ ಎಂಜಿನ್ ಮುಂದಿದ್ದ ಕಾರು ಗೆದ್ದದ್ದುಂಟೇ?
– ಉದ್ಯಮಬಾಗದ ಮಷಿನ್ ಶಾಪ್ ಕೆಲಸಗಾರರೊಬ್ಬರು, ಬೆಳಗಾವಿ

ಉತ್ತರ: ಬ್ರಿಟನ್ನಿನ ಕೂಪರ್ ಕಂಪನಿಯವರು ಮೊದಲು ತಯಾರಿಸುತ್ತಿದ್ದುದು 500 ಸಿಸಿ ಪುಟ್ಟ ಕಾರುಗಳನ್ನು. ಅವುಗಳಿಗೆ ಮೋಟರ್ ಸೈಕಲ್ ಎಂಜಿನ್ ಹಾಕಿ ಚೈನಿನಿಂದ ಹಿಂದಿನ ಚಕ್ರ ತಿರುಗಿಸಬೇಕಿದ್ದುದರಿಂದ ಎಂಜಿನ್ನನ್ನು ಹಿಂದೆ ಇಡುವುದೇ ಸುಲಭವಾಗಿತ್ತು. ಲಾಭ ಕಂಡದ್ದು ದೊಡ್ಡ ಕಾರಿಗೂ ಅದನ್ನೇ ಅಳವಡಿಸಿದಾಗ. ಎಂಜಿನ್ ಮುಂದಿದ್ದರೆ ಅದರ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟ್ ಚಾಲಕನ ಸೀಟಿನ ಕೆಳಗೋ ಪಕ್ಕಕ್ಕೋ ಹಾಯಬೇಕು. ಅದು ಇಲ್ಲವಾದರೆ ತೂಕ ಇಳಿಯುತ್ತದೆ, ಚಾಲಕ ನೆಲಕ್ಕೆ ಹತ್ತಿರ ಕೂರುತ್ತಾನೆ, ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಕಿರಿದಾಗುತ್ತದೆ. ಕಾರು ಹಗುರವಾದರೆ ಟೈರು ಸವೆಯುವುದೂ ಕಡಿಮೆ. 1958ರ ಅರ್ಜೆಂಟೀನಾ ಪಂದ್ಯದಲ್ಲಿ ಮಾಸ್ ತಮ್ಮ ಕೂಪರ್ ಕಾರಿನ ಟೈರು ಬದಲಿಸಲು ನಿಲ್ಲಲೇ ಇಲ್ಲ. ಇಂದಲ್ಲ ನಾಳೆ ನಿಂತೇ ನಿಲ್ಲುತ್ತಾರೆಂದು ಎದುರಾಳಿಗಳು ಕಾಯುತ್ತಿದ್ದಂತೆ, ರಬ್ಬರು ಸವೆದು ಒಳಗಿನ ನೂಲು ಕಾಣುತ್ತಿದ್ದ ಟೈರಿನಲ್ಲಿಯೇ ಅವರು ಗೆದ್ದರು. 1959 ಮತ್ತು 1960ರಲ್ಲಿ ಬ್ರಾಭಮ್ ಕೂಪರ್‌ನಲ್ಲಿಯೇ ವಿಶ್ವ ಚಾಂಪಿಯನ್ ಆದರು.

ನಿಮ್ಮ ಎರಡನೆಯ ಪ್ರಶ್ನೆಗೆ ಚಾಂಪಿಯನ್‌ಷಿಪ್ ದಾಖಲೆಯನ್ನಷ್ಟೇ ನೋಡಿದರೆ, ಎಂಜಿನ್ ಮುಂದಿದ್ದ ಕಾರಿನ ಕೊನೆಯ ಗೆಲುವು 1960ರಲ್ಲಿ ಮೊಂಜಾದಲ್ಲಿ ಫಿಲ್ ಹಿಲ್ ಫೆರಾರಿಯಲ್ಲಿ ಪಡೆದದ್ದು. ಹೊರ ಅಂಚು ಎತ್ತರಿಸಿದ ಅಲ್ಲಿನ ತಿರುವುಗಳು ಅಪಾಯಕಾರಿ ಎಂದು ಬ್ರಿಟನ್ನಿನ ಪ್ರಮುಖ ತಂಡಗಳು ಆ ಪಂದ್ಯವನ್ನು ಬಹಿಷ್ಕರಿಸಿದ್ದವು, ಅಂಕವಿತ್ತು, ತಕ್ಕ ಎದುರಾಳಿಗಳಿರಲಿಲ್ಲ. ನಿಜವಾದ ಕೊನೆಯ ಗೆಲುವು ಬಂದದ್ದು ಮರುವರ್ಷದ ಸೆಪ್ಟೆಂಬರ್ 23ರಂದು, ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನಲ್ಲಿ ನಡೆದ ಅಂಕವಿಲ್ಲದ ಗೋಲ್ಡ್ ಕಪ್ ಪಂದ್ಯದಲ್ಲಿ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತಿದ್ದ ಫರ್ಗುಸನ್ ಪಿ99 ಕಾರಿನಲ್ಲಿ, ಮಳೆಗೆ ತೊಯ್ದ ಟ್ರ್ಯಾಕಿನ ಮೇಲೆ ಮಾಸ್ ಅದನ್ನು ಗೆದ್ದರು. ಎರಡನೆಯವರಾಗಿ ಬಂದವರು ಕೂಪರ್‌ನ ಬ್ರಾಭಮ್. ನಾಲ್ಕು ಚಕ್ರ ಚಾಲನೆಯ ಕಾರೊಂದು ಫಾರ್ಮುಲಾ ಒನ್ ಪಂದ್ಯವನ್ನು ಗೆದ್ದದ್ದು ಅದೊಂದೇ ಬಾರಿ.