ಗೇಮ್‌ಗೋಸ್ಕರ 12 ಕೋರ್ ಬೇಡ, ನಾನು ತಗೊಂಡು ನೋಡಿದ್ದೇನೆ

ಗೇಮ್ ಆಡುವಾಗ ಸಿಪಿಯು (ಪ್ರೊಸೆಸರ್) ಬಳಕೆ 40% ದಾಟುತ್ತಿಲ್ಲ, 6 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ಬಿಟ್ಟು 12 ಕೋರ್‌ಗೆ ಹೋಗಲಾ ಅಂತ ಕೇಳಿದ್ದೀರಿ. ನಾನು ಹೋದೆ. 6 ಕೋರ್‌ನ ರೈಜನ್ 5 3600 ತೆಗೆದು, ಎರಡು ಪಟ್ಟಿಗೂ ಜಾಸ್ತಿ ದುಡ್ಡು ಕೊಟ್ಟು 12 ಕೋರ್‌ನ ರೈಜನ್ 9 3900ಎಕ್ಸ್ ಹಾಕಿಸಿದೆ. ಆಡುತ್ತಿದ್ದದ್ದು ಊರು ಕಟ್ಟುವ ಗೇಮ್. ಊರು ಬೆಳೆದಂತೆಲ್ಲ ತಡವರಿಸುತ್ತಿತ್ತು, ಹೊಸ ಪ್ರೊಸೆಸರ್‌ನಲ್ಲೂ ಹೆಚ್ಚುಕಮ್ಮಿ ಹಾಗೆಯೇ ತಡವರಿಸಿತು.

ನಾನು ಎಡವಿದ್ದು ಟಾಸ್ಕ್ ಮ್ಯಾನೇಜರ್ ಓದುವುದರಲ್ಲಿ. ಗ್ರಾಫಿಕ್ಸ್ ಕಾರ್ಡ್ ಅರ್ಧ ಖಾಲಿ ಕೂತಿತ್ತು, ಹಾಗಾದರೆ ತಡ ಆಗುತ್ತಿರುವುದು ಪ್ರೊಸೆಸರ್‌ನಿಂದ ಅಂದುಕೊಂಡೆ. ಅಷ್ಟು ಸರಿಯೇ ಇತ್ತು. ಆದರೆ ಪಕ್ಕದಲ್ಲೇ ಸಿಪಿಯು 30% ಅಂತ ತೋರಿಸುತ್ತಿತ್ತು. ಇರುವ ಕೋರ್‌ಗಳಿಗೇ ಕೆಲಸ ಇಲ್ಲದಿರುವಾಗ ಇನ್ನೂ ಆರು ಬಂದು ಏನು ಮಾಡುತ್ತವೆ? ಇದನ್ನು ಯೋಚಿಸಲೇ ಇಲ್ಲ. ಈ ಪ್ರೊಸೆಸರ್‌ಗಳಲ್ಲಿ ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸದ ಎಳೆ ನಡೆಸುತ್ತದೆ, ಅದಕ್ಕೆ ಥ್ರೆಡ್ ಅನ್ನುತ್ತಾರೆ. ಆ 30% ಎಲ್ಲಾ ಥ್ರೆಡ್‌ಗಳ ಸರಾಸರಿ. 12 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಉಸಿರು ಬಿಡದೆ ದುಡಿಯುತ್ತಿದ್ದರೂ ಅದರ ಪಾಲು ಸುಮಾರು 8%, 24 ಥ್ರೆಡ್ ಇದ್ದರೆ 4%. ಸಾಲದ್ದಕ್ಕೆ ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಲೇ ಇರುತ್ತದೆ, ಅದಕ್ಕೇ ಒಂದೊಂದು ಕೋರ್‌ನ ಗ್ರಾಫ್ ತೆರೆದು ನೋಡಿದರೂ ಯಾವುದೂ 100% ಮುಟ್ಟಿದಂತೆ ಕಾಣದೇ ಇರಬಹುದು.

ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಬೇಕು ಅಂದರೆ ಒಂದು ಫ್ರೇಮ್‌ಗೆ ಸಿಗುವುದು 16.6 ಮಿಲಿಸೆಕೆಂಡ್. ಅಷ್ಟರಲ್ಲಿ ನೀವು ಒತ್ತಿದ ಬಟನ್ ಓದಬೇಕು, ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಆಗಬೇಕು, ಆಮೇಲೆ ಏನು ಚಿತ್ರಿಸಬೇಕು ಅಂತ ಗ್ರಾಫಿಕ್ಸ್ ಕಾರ್ಡ್‌ಗೆ ಹೇಳಬೇಕು. ಒಂದು ಮುಗಿಯದೆ ಇನ್ನೊಂದು ಶುರುವಾಗಲ್ಲ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದು ಇದನ್ನೇ: ಅರ್ಧ ಕೆಲಸ ಸಾಲಾಗಿಯೇ ಆಗಬೇಕಿದ್ದರೆ, ಎಷ್ಟೇ ಕೋರ್ ಹಾಕಿ, ವೇಗ ಎರಡು ಪಟ್ಟು ದಾಟಲ್ಲ. 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ (ಗೇಮ್ ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ವ್ಯವಸ್ಥೆಗಳು) ಬಂದ ಮೇಲೆ ಚಿತ್ರಿಸುವ ಆದೇಶ ಬರೆಯುವ ಕೆಲಸವನ್ನು ಹಲವು ಕೋರ್‌ಗಳಿಗೆ ಚೆನ್ನಾಗಿ ಹಂಚಬಹುದಾಯಿತು, ನಿಜ. ಆದರೂ ಗೇಮ್‌ನ ಮುಖ್ಯ ಥ್ರೆಡ್‌ಗೆ ಕಾಯುವುದು ತಪ್ಪಿಲ್ಲ.

ಅದಕ್ಕೇ 'ಎಲ್ಲಾ ಕೋರ್ ಬಳಕೆ ಆಗುತ್ತಾ' ಅನ್ನುವ ಪ್ರಶ್ನೆಯನ್ನೇ ಬಿಡಿ. 40% ಇದ್ದರೆ ಇರಲಿ, ಅದೇನು ನಷ್ಟ ಅಲ್ವಲ್ಲ. ಒಂದೊಂದು ಕೋರ್ ಎಷ್ಟು ಚುರುಕು, ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ಅತಿ ವೇಗದ ಮೆಮೊರಿ) ಎಷ್ಟಿದೆ ಅಂತ ನೋಡಿ. 2022ರಲ್ಲಿ ಬಂದ ರೈಜನ್ 7 5800ಎಕ್ಸ್‌3ಡಿಯಲ್ಲಿ ಇದ್ದದ್ದು 8 ಕೋರ್. ಆದರೆ 96 ಎಂಬಿ ಎಲ್3 ಕ್ಯಾಶ್ ಇದ್ದ ಕಾರಣ ಎಷ್ಟೋ ಗೇಮ್‌ಗಳಲ್ಲಿ 16 ಕೋರ್‌ನ 5950ಎಕ್ಸ್ ಅನ್ನೇ ಹಿಂದೆ ಹಾಕಿತು. ಸೋನಿಯ ಗೇಮ್ ಯಂತ್ರ ಪಿಎಸ್5 ಒಳಗಿರುವುದೂ 8 ಕೋರ್, ದೊಡ್ಡ ಗೇಮ್ ಮಾಡುವವರು ಅದನ್ನು ಕಣ್ಣಮುಂದೆ ಇಟ್ಟುಕೊಂಡೇ ಮಾಡುತ್ತಾರೆ. ವಿಡಿಯೋ ಎಡಿಟಿಂಗ್, ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಇದ್ದರೆ 12 ತಗೊಳ್ಳಿ, ಅಲ್ಲಿ ಪ್ರತಿ ಕೋರ್‌ಗೂ ಕೆಲಸ ಇದೆ.

ದುಡ್ಡು ಕೊಡುವ ಮುಂಚೆ ಇವತ್ತೇ ಗೇಮ್‌ನ ರೆಸಲ್ಯೂಷನ್ ಇಳಿಸಿ ಆಡಿ. ಫ್ರೇಮ್ ಏರಿದರೆ ನಿಮಗೆ ಬೇಕಿರುವುದು ಗ್ರಾಫಿಕ್ಸ್ ಕಾರ್ಡ್. ಏರಲಿಲ್ಲವಾ, ಆಗ ಪ್ರೊಸೆಸರ್ ಬದಲಿಸಿ, ಆದರೆ 6 ಅಥವಾ 8 ಕೋರ್‌ನ ಹೊಸ ತಲೆಮಾರಿನದು.