ಖಾಯಂ ಮಾಡಿದರೆ ಕೆಲಸ ಮಾಡ್ತಾರಾ?

ಬೆಂಗಳೂರಿನಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದಿದ್ದಾರೆ: "ಪೌರಕಾರ್ಮಿಕರು ಖಾಯಂ ಆದದ್ದನ್ನು ನಿಮ್ಮ ಪತ್ರಿಕೆ ಹಾಡಿ ಹೊಗಳಿತು. ಖಾಯಂ ಆದಮೇಲೆ ಯಾರು ಕೆಲಸ ಮಾಡ್ತಾರೆ? ನಾನೂ ನೌಕರರ ಸಂಘದಲ್ಲಿದ್ದವನೇ. ಆದರೆ ಕಸದ ಕೆಲಸ ಖಾಸಗಿಯವರಿಗೆ ಬಿಟ್ಟರೆ ಖರ್ಚೂ ಕಡಿಮೆ, ಊರೂ ಚೊಕ್ಕಟ. ನಮ್ಮ ಬೀದಿಯ ಟಿಪ್ಪರ್‌ನವರು ತಿಂಗಳಿಗಿಷ್ಟು ಕೊಡಿ ಅಂತ ಕೇಳ್ತಾರೆ. ಇದಕ್ಕೇನು ಹೇಳ್ತೀರಿ?"

ನಮಸ್ಕಾರ ಸರ್. ಬೀದಿ ಚೊಕ್ಕಟವಾಗಿರಬೇಕು ಅನ್ನೋದರಲ್ಲಿ ನಿಮಗೂ ನಮಗೂ ಜಗಳವಿಲ್ಲ. ಖಾಸಗಿಯವರಿಗೆ ಕೊಟ್ಟರೆ ಚೊಕ್ಕಟವಾಗುತ್ತದೆ ಅನ್ನೋದನ್ನು ಮಾತ್ರ ಒಪ್ಪಲಾರೆವು. ಯಾಕಂದ್ರೆ ಬೆಂಗಳೂರು ಅದನ್ನು ವರ್ಷಗಟ್ಟಲೆ ಮಾಡಿ ನೋಡಿದೆ. ಗುಡಿಸುವುದು, ಎತ್ತುವುದು, ಸಾಗಿಸುವುದು ಬಹುಪಾಲು ಕಂಟ್ರಾಕ್ಟರ್‌ಗಳ ಕೈಯಲ್ಲೇ ಇತ್ತು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡೆ ಮುಚ್ಚಿದಾಗ ಊರು ತುಂಬ ಕಸ ಕೊಳೆತದ್ದು ನಿಮಗೂ ನೆನಪಿರಬೇಕು. ಆಗ ಬೀದಿಯಲ್ಲಿ ಇದ್ದದ್ದು ಕಂಟ್ರಾಕ್ಟರ್‌ಗಳ ಲಾರಿಗಳೇ.

ಆ ಪದ್ಧತಿ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಪಾಲಿಕೆ ದುಡ್ಡು ಕೊಡುತ್ತಿದ್ದದ್ದು ಕಂಟ್ರಾಕ್ಟರ್‌ಗೆ. ಅವನು ಕೊಟ್ಟಷ್ಟು, ಕೊಟ್ಟಾಗ, ಕೆಲಸದವರಿಗೆ. ಪಟ್ಟಿಯಲ್ಲಿದ್ದ ಹೆಸರುಗಳಿಗೂ ಬೀದಿಯಲ್ಲಿ ಪೊರಕೆ ಹಿಡಿದವರಿಗೂ ತಾಳೆಯಾಗುತ್ತಿರಲಿಲ್ಲ. ಪಿಎಫ್, ಇಎಸ್‌ಐ ಅಂತ ಸಂಬಳದಲ್ಲಿ ಹಿಡಿದ ಹಣ ಎಲ್ಲಿ ಹೋಯಿತು ಅಂತ ಕೇಳಿದರೆ ಪಾಲಿಕೆ ಕಂಟ್ರಾಕ್ಟರ್ ಕಡೆ ಕೈ ತೋರಿಸುತ್ತಿತ್ತು, ಕಂಟ್ರಾಕ್ಟರ್ ಪಾಲಿಕೆ ಕಡೆ. ಒಬ್ಬ ಹೆಂಗಸು ಅದೇ ರಸ್ತೆಯನ್ನು ಹದಿನೈದು ವರ್ಷ ಗುಡಿಸಿರುತ್ತಾಳೆ. ಟೆಂಡರ್ ಬದಲಾದಾಗಲೆಲ್ಲ ಕಾಗದದಲ್ಲಿ ಅವಳು ಹೊಸಬಳು. ಗ್ರಾಚ್ಯುಟಿ ಇಲ್ಲ, ರಜೆ ಇಲ್ಲ. ಎದುರು ಮಾತಾಡಿದರೆ ಮೇಸ್ತ್ರಿ "ನಾಳೆಯಿಂದ ಬರಬೇಡ" ಅಂದರೆ ಮುಗೀತು. ನೀವು ಹೇಳುವ ಕಡಿಮೆ ಖರ್ಚು ಇದೇ ಸರ್. ಅವಳ ಸಂಬಳ, ಅವಳ ಮುಪ್ಪಿನ ದುಡ್ಡು ಕತ್ತರಿಸಿ ಮಾಡಿದ ಉಳಿತಾಯ. ಅದೂ ಪೂರ್ತಿ ನಮ್ಮ ತೆರಿಗೆ ಉಳಿಸಲಿಲ್ಲ, ನಡುವೆ ನಿಂತವನ ಜೇಬಿಗೂ ಹೋಯಿತು.

ಇದನ್ನು ಮುರಿದದ್ದು ಯಾವ ಸಾಹೇಬರ ದಯೆಯೂ ಅಲ್ಲ, ಸಂಘ ಕಟ್ಟಿದ ಹೆಂಗಸರು. ಕೆಲಸದವರಲ್ಲಿ ಅವರೇ ಜಾಸ್ತಿ, ಬಹುತೇಕರು ದಲಿತರು. ವಾರ್ಡ್ ವಾರ್ಡಿನಲ್ಲಿ ಕೆಲಸ ಬಿಟ್ಟು ಕೂತು, ಸಂಬಳದ ದಿನ ಕೇಳಿ ಕೇಳಿ, 2018ರ ಹೊತ್ತಿಗೆ ಗುಡಿಸುವವರ ಸಂಬಳ ಪಾಲಿಕೆಯಿಂದ ನೇರ ಖಾತೆಗೆ ಬರುವಂತೆ ಮಾಡಿಸಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. 2022ರ ಜುಲೈ 1ರಿಂದ ರಾಜ್ಯದಾದ್ಯಂತ ಮುಷ್ಕರ ಹೂಡಿದರು. ನಾಲ್ಕೇ ದಿನಕ್ಕೆ ಸರ್ಕಾರ ಮಾತಿಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ 11,133 ಜನರನ್ನು ಖಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಬೆಂಗಳೂರಿನಲ್ಲಿ 2025ರ ಮೇ 1ರಂದು 12,692 ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. ನಾವು ಹೊಗಳಿದ್ದು ಅದನ್ನು. ಈಗಲೂ ಹೊಗಳುತ್ತೇವೆ.

ಇನ್ನು ಖಾಯಂ ಆದವರು ಮೈಗಳ್ಳರಾಗುತ್ತಾರೆ ಅನ್ನೋ ಮಾತು. ನೀವು ಬ್ಯಾಂಕಿನಲ್ಲಿ ಖಾಯಂ ಆಗಿದ್ದಿರಿ, ಸಂಘದಲ್ಲೂ ಇದ್ದಿರಿ. ನೌಕರಿ ಗಟ್ಟಿಯಾಗಿದೆ ಅಂತ ನೀವು ಲೆಡ್ಜರ್ ಬದಿಗಿಟ್ಟಿರಾ? ಈ ಪ್ರಶ್ನೆಯನ್ನು ತಹಶೀಲ್ದಾರರಿಗೆ, ಮೇಷ್ಟ್ರಿಗೆ ಯಾರೂ ಕೇಳುವುದಿಲ್ಲ, ಪೊರಕೆ ಹಿಡಿದವಳಿಗೆ ಮಾತ್ರ ಕೇಳುತ್ತಾರೆ. ಇದರ ಹಿಂದೆ ಜಾತಿಯ ಲೆಕ್ಕ ಇದೆ ಅನ್ನೋದು ನಮ್ಮ ಅನಿಸಿಕೆ. ನಿಮ್ಮ ಮನಸ್ಸಿನಲ್ಲಿ ಅದಿಲ್ಲದಿರಬಹುದು, ಪ್ರಶ್ನೆಯಲ್ಲಿದೆ.

ಕೆಲಸ ಹೇಗಿರುತ್ತದೆ ಅಂತಲೂ ನೋಡಬೇಕು. ನಮ್ಮ ವರದಿಗಾರ್ತಿ ಈಚೆಗೆ ಬೆಳಗ್ಗೆ ಆರೂವರೆಗೆ ಒಂದು ಮಸ್ಟರಿಂಗ್ ಜಾಗಕ್ಕೆ, ಅಂದರೆ ಕೆಲಸದವರು ಸೇರಿ ಹಾಜರಿ ಹಾಕಿಸುವ ಜಾಗಕ್ಕೆ ಹೋಗಿದ್ದರು. ಹಾಜರಿ ಹಾಕಿಸಿಕೊಳ್ಳಲು ಮಷಿನ್ ಇತ್ತು, ಶೌಚಾಲಯ ಇರಲಿಲ್ಲ. ಹೆಂಗಸರು ಮಧ್ಯಾಹ್ನದವರೆಗೆ ನೀರು ಕುಡಿಯದೆ ತಡೆದುಕೊಳ್ಳುತ್ತಾರಂತೆ. ಒಬ್ಬರು ಗ್ಲೌಸ್ ಬಿಚ್ಚಿ ಅಂಗೈ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಗಾಜು ಕೊಯ್ದ ಗಾಯ, ಅದರ ಮೇಲೆ ಅರಿಶಿನ. ಯಾರದೋ ಮನೆಯ ಹಸಿ ಕಸದಲ್ಲಿ ಒಡೆದ ಲೋಟ ಇತ್ತು.

ನಿಜವಾದ ಕಷ್ಟ ಇರುವುದು ಮುಂದೆ. ಮನೆ ಮನೆಯ ಕಸ ಎತ್ತುವ ಟಿಪ್ಪರ್ ಚಾಲಕರು, ಹೆಲ್ಪರ್‌ಗಳು, ಲೋಡರ್‌ಗಳು ಮೇ 1ರ ಆ ಪಟ್ಟಿಯಲ್ಲಿ ಇರಲಿಲ್ಲ. ಅವರು ಗುತ್ತಿಗೆಯಲ್ಲೇ ಉಳಿದರು. ಮೇಲಾಗಿ ಕಾನೂನೂ ಬದಲಾಗಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ, ಕೆಲಸ ವರ್ಷವಿಡೀ ನಡೆಯುವಂಥದ್ದಾದರೆ ಅಲ್ಲಿ ಗುತ್ತಿಗೆ ನಿಷೇಧಿಸಿ ಅಂತ ಕೇಳಲು ದಾರಿ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆ, ಸಂಸ್ಥೆಯ ಮುಖ್ಯ ಕೆಲಸದಲ್ಲಿ ಮಾತ್ರ ಗುತ್ತಿಗೆ ಬೇಡ ಅನ್ನುತ್ತದೆ. ಗುಡಿಸುವುದು, ಕಸ ವಿಲೇವಾರಿ ಮುಖ್ಯ ಕೆಲಸವಲ್ಲ ಅಂತ ಪಟ್ಟಿ ಮಾಡಿದೆ, ಅಂದರೆ ಅಲ್ಲಿ ಗುತ್ತಿಗೆ ನಡೆಯುತ್ತದೆ. ಆದರೆ ಸಂಸ್ಥೆ ಹುಟ್ಟಿರುವುದೇ ಆ ಕೆಲಸಕ್ಕಾದರೆ ಈ ವಿನಾಯಿತಿ ಇಲ್ಲ. ನಗರ ಪಾಲಿಕೆ ಇರುವುದೇ ಬೀದಿ ಗುಡಿಸಿ ಕಸ ಎತ್ತಲಿಕ್ಕೆ, ಅಲ್ವಾ? ಬೆಂಗಳೂರಿಗೂ ಮೊದಲು ಅನ್ವಯಿಸುತ್ತಿದ್ದ, ರಾಜ್ಯದ ಬೇರೆ ಪಾಲಿಕೆಗಳಿಗೆ ಈಗಲೂ ಇರುವ 1976ರ ಪಾಲಿಕೆಗಳ ಕಾಯ್ದೆಯೇ ಬೀದಿ ಚೊಕ್ಕಟ ಮಾಡುವುದನ್ನು ಕಡ್ಡಾಯ ಕರ್ತವ್ಯ ಅನ್ನುತ್ತದೆ. ಟಿಪ್ಪರ್‌ನವರು ನಾಳೆ ಕೋರ್ಟಿನಲ್ಲೂ ಬೀದಿಯಲ್ಲೂ ಹಿಡಿದು ನಿಲ್ಲಬೇಕಾದ ಎಳೆ ಇದು.

ಈಗ ನಿಮ್ಮ ಬೀದಿಯ ವಿಷಯ. ಟಿಪ್ಪರ್‌ನವರು ದುಡ್ಡು ಕೇಳೋದು ತಪ್ಪು. ಕೊಡಬೇಕಾಗಿಲ್ಲ. ಆದರೆ ಬೈದು ಕಳಿಸುವ ಮುಂಚೆ ಒಂದು ಮಾತು ಕೇಳಿ: ಹೋದ ತಿಂಗಳ ಸಂಬಳ ಯಾವತ್ತು ಬಂತು, ಎಷ್ಟು ಬಂತು, ಪಿಎಫ್ ನಂಬರ್ ಕೊಟ್ಟಿದ್ದಾರಾ? ಬಂದ ಉತ್ತರವನ್ನು, ಅವರ ಹೆಸರು ಹಾಕದೆ, ಕಂಟ್ರಾಕ್ಟರ್ ಹೆಸರು ಹಾಕಿ, ನಿಮ್ಮ ವಾರ್ಡ್ ಕಚೇರಿಗೆ ಬರೆದು ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಒಡೆದ ಗಾಜನ್ನು ಮಾತ್ರ ದಪ್ಪ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಿ.

– ಸಂಪಾದಕ